ಅರಮನೆಯ ಮುದಿವೈದ್ಯ

ನಾನು ಬರೆಯುತ್ತಿರುವ ಕಲ್ಪಿತ ರಾಜ್ಯದ ಕಥೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ರಾಜನಲ್ಲ, 78 ದಾಟಿದ ಆಸ್ಥಾನ ವೈದ್ಯ. ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಯಲ್ಲಿ ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವನ್ನು ಹತ್ತುವಾಗ, ಮುಂದೆ ಕೋಲೂರಿ ನಡೆಯುತ್ತಿದ್ದ ಹಿರಿಯರೊಬ್ಬರು ಬಂಡೆಯ ಸಂದಿನ ಎಲೆಯೊಂದನ್ನು ಕೀಳದೆ, ಬಾಗಿ ಮೂಸಿ ನೋಡಿ ಸಾಗಿದ್ದನ್ನು ಕಂಡೆ. ಆ ಪಾತ್ರ ಹುಟ್ಟಿದ್ದು ಅಲ್ಲಿಯೇ.

ನಾಡಿ ನೋಡುವಾಗ ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರಬೆರಳಿಗೆ ಕಫ ತಿಳಿಯುತ್ತದೆ ಎನ್ನುವುದು ನಮ್ಮ ವೈದ್ಯರ ಕ್ರಮ. ನನ್ನ ವೈದ್ಯನ ಉಂಗುರಬೆರಳು ಈಗ ಮರಗಟ್ಟಿದೆ. ಅದು ಅವನ ಶಿಷ್ಯೆಗೆ ಮಾತ್ರ ಗೊತ್ತು.

ವತ್ಸನಾಭಿಯಂತಹ ಘೋರ ವಿಷದ ಬೇರನ್ನೂ ಗೋಮೂತ್ರದಲ್ಲಿಯೋ ಹಾಲಿನಲ್ಲಿಯೋ ಶುದ್ಧಿಮಾಡಿ ಔಷಧಕ್ಕೆ ಬಳಸುವ ಪದ್ಧತಿ ಆಯುರ್ವೇದದಲ್ಲಿದೆ. ಆ ಬೇರನ್ನು ಶುದ್ಧಿಮಾಡದೆಯೇ ಕೊಡೆಂದು ಯುವರಾಜನು ನಡುರಾತ್ರಿ ಬಂದು ಕೇಳುವ ಅಧ್ಯಾಯವನ್ನು ನಾನು ನಾಲ್ಕು ಬಾರಿ ತಿದ್ದಿದ್ದೇನೆ, ಏಕೆಂದರೆ ವೈದ್ಯನನ್ನು ಎದೆಗಾರನನ್ನಾಗಿ ತೋರಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಅವನು ನಿಜಕ್ಕೂ ಹೆದರುತ್ತಾನೆ, ಕುಡಿಯಲು ನೀರು ಕೇಳುತ್ತಾನೆ, ಬಹಳ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ಔಷಧಶಾಲೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ, ಯುವರಾಜನ ಕಣ್ಣೆದುರಿಗೇ ಶಿಷ್ಯೆಯ ಅಂಗೈಯಲ್ಲಿಡುತ್ತಾನೆ.