ಕರೆಂಟ್ ಹೋಗುವ ಮೊದಲು ರೈಟ್ ಮೆಮೊರಿ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟಿಗೆ ಹೇಳಿ ಹೋಗುವ ಅಭ್ಯಾಸವಿಲ್ಲ. ಮ್ಯಾನೇಜ್ಡ್ ಸ್ವಿಚ್ಚಿನ (ಕಮಾಂಡ್ ಕೊಟ್ಟು ಸೆಟ್ ಮಾಡುವ ನೆಟ್‌ವರ್ಕ್ ಪೆಟ್ಟಿಗೆ) ಮುಂದೆ ಕೂತವರು ಇದನ್ನು ನೆನಪಿಟ್ಟೇ ಟೈಪ್ ಮಾಡಬೇಕು. ಕೊಟ್ಟ ಕಮಾಂಡ್ ಎಂಟರ್ ಒತ್ತಿದ ಕೂಡಲೇ ಜಾರಿಗೆ ಬರುತ್ತದೆ, ಆದರೆ ಅದು ಇರುವುದು ಕರೆಂಟ್ ಹೋದರೆ ಅಳಿಯುವ ರ‍್ಯಾಮ್‌ನಲ್ಲಿ. 'ರೈಟ್ ಮೆಮೊರಿ' ಕೊಟ್ಟು ಸೇವ್ ಮಾಡುವ ಮೊದಲೇ ಯುಪಿಎಸ್ ಬ್ಯಾಟರಿ ಕೈಕೊಟ್ಟರೆ ಮಾಡಿದ ಕೆಲಸವೆಲ್ಲ ಹೋಯಿತು. (ಇಲ್ಲಿರುವ ಕಮಾಂಡುಗಳು ಸಿಸ್ಕೊ ಐಒಎಸ್‌ನವು. ಬೇರೆ ಕಂಪನಿಯ ಸ್ವಿಚ್ಚುಗಳಲ್ಲಿ ಪದ ಬದಲಾಗಬಹುದು.)

ಇದರಲ್ಲೊಂದು ಗೊಂದಲವಿದೆ. ಸೇವ್ ಮಾಡದೆ ಕರೆಂಟ್ ಹೋಗಿ ಬಂದ ಮೇಲೆ 'ಶೋ ವಿಲ್ಯಾನ್ ಬ್ರೀಫ್' ಕೊಟ್ಟರೆ ನೀವು ಮಾಡಿದ ಹೊಸ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಕಾಣುತ್ತದೆ, ಅದರ ಪೋರ್ಟುಗಳು ಮಾತ್ರ 1ನೇ ವಿಲ್ಯಾನಿಗೆ ಮರಳಿರುತ್ತವೆ. ವಿಟಿಪಿ (ಸ್ವಿಚ್ಚುಗಳು ವಿಲ್ಯಾನ್ ಪಟ್ಟಿ ಹಂಚಿಕೊಳ್ಳುವ ವ್ಯವಸ್ಥೆ) ಸರ್ವರ್ ಮೋಡ್‌ನಲ್ಲಿ ವಿಲ್ಯಾನ್ ಪಟ್ಟಿ ಫ್ಲ್ಯಾಶ್‌ನಲ್ಲಿ ಬೇರೆ ಫೈಲಾಗಿ ಉಳಿಯುತ್ತದೆ, ಪೋರ್ಟಿನ ಸೆಟ್ಟಿಂಗ್ ರ‍್ಯಾಮ್‌ನಲ್ಲಿರುವ ರನ್ನಿಂಗ್ ಕಾನ್ಫಿಗ್‌ನಲ್ಲಿರುತ್ತದೆ. ಆದ್ದರಿಂದ 'ವಿಲ್ಯಾನ್ ಇದೆಯಲ್ಲ, ಸೇವ್ ಆಗಿದೆ' ಎಂದು ನಂಬಬೇಡಿ.

ಲ್ಯಾಪ್‌ಟಾಪನ್ನು ನೇರ ಸ್ವಿಚ್ಚಿಗೆ ಜೋಡಿಸುವ ಕನ್ಸೋಲ್ ಕೇಬಲಿಗೆ, ಕಮಾಂಡ್ ಟೈಪ್ ಮಾಡುವ ಪುಟಿ ಪ್ರೋಗ್ರಾಮಿನಲ್ಲಿ 9600 ಬಾಡ್ (ವೇಗ), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರದೆ ತುಂಬ ಅರ್ಥವಿಲ್ಲದ ಅಕ್ಷರ ಬಂದರೆ ಬಾಡ್ ತಪ್ಪಿದೆ. ಅಕ್ಷರ ಸರಿಯಾಗಿ ಬಂದು, ನೀವು ಒತ್ತಿದ ಕೀ ಮಾತ್ರ ಒಳಗೆ ಹೋಗದಿದ್ದರೆ ಫ್ಲೋ ಕಂಟ್ರೋಲನ್ನು 'ನನ್' ಮಾಡಿ.

ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಬದಲಾವಣೆ ಮಾಡುವಾಗ ಸೇವ್ ಮಾಡದಿರುವುದೇ ರಕ್ಷಣೆ. ಶಿವಮೊಗ್ಗದಲ್ಲಿ ಕೂತು ಆಗುಂಬೆಯ ಸ್ವಿಚ್ಚನ್ನು ಮುಟ್ಟುವವರು ಮೊದಲು ಹಳೆಯದನ್ನು ಸೇವ್ ಮಾಡಿ, 'ರಿಲೋಡ್ ಇನ್ 10' ಕೊಡಿ. ಆಮೇಲೆ ಬದಲಾವಣೆ. ಸಂಪರ್ಕ ಕಡಿದರೆ 10 ನಿಮಿಷಕ್ಕೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ, ಆಗುಂಬೆಯ ದಾರಿ ಹಿಡಿಯುವ ಪ್ರಮೇಯವಿಲ್ಲ. ಎಲ್ಲ ಸರಿಯಿದ್ದರೆ 'ರಿಲೋಡ್ ಕ್ಯಾನ್ಸಲ್', ನಂತರ 'ರೈಟ್ ಮೆಮೊರಿ'. ಕ್ಯಾನ್ಸಲ್ ಮರೆತರೆ ಕೆಲಸದ ಹೊತ್ತಿನಲ್ಲೇ ಇಡೀ ಕಚೇರಿಯ ನೆಟ್‌ವರ್ಕ್ ಬೀಳುತ್ತದೆ.

ಸಂಪರ್ಕ ಕಡಿಯುವುದು ಹೆಚ್ಚಾಗಿ ಒಂದೇ ಪದದಿಂದ. ಟ್ರಂಕ್ ಪೋರ್ಟಿಗೆ (ಹಲವು ವಿಲ್ಯಾನುಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ವಿಲ್ಯಾನ್ 30 ಸೇರಿಸಲು 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30' ಎನ್ನಬೇಕು. 'ಆ್ಯಡ್' ಬಿಟ್ಟರೆ ಇದ್ದ ಪಟ್ಟಿ ಅಳಿಸಿ 30 ಒಂದೇ ಉಳಿಯುತ್ತದೆ. ನೀವು ಒಳಬಂದಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನೂ ಅದರೊಂದಿಗೆ ಹೋಗುತ್ತದೆ.

ಲಾಗ್‌ನಲ್ಲಿ 1993ರ ಮಾರ್ಚ್ 1 ಎಂದು ಕಂಡರೆ ಗಾಬರಿ ಬೇಡ. ಬ್ಯಾಟರಿ ಗಡಿಯಾರವಿಲ್ಲದ ಹಲವು ಸ್ವಿಚ್ಚುಗಳು ಕರೆಂಟ್ ಬಂದಾಗ ಅಲ್ಲಿಂದ ಎಣಿಸುತ್ತವೆ. ನೆಟ್‌ವರ್ಕಿನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಹಾಕಿದರೆ ತೀರಿತು.

'ಶೋ ಇಂಟರ್‌ಫೇಸಸ್'ನಲ್ಲಿ ಸಿಆರ್‌ಸಿ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ) ಸಂಖ್ಯೆ ಏರುತ್ತಿದ್ದರೆ ಮೊದಲು ಕೇಬಲಿನ ತುದಿ ನೋಡಿ. ಈ ಥಂಡಿಗೆ ಪಿನ್ನುಗಳು ಹಸಿರುಗಟ್ಟುತ್ತವೆ. 'ಕ್ಲಿಯರ್ ಕೌಂಟರ್ಸ್' ಕೊಟ್ಟು, ತುದಿ ಹೊಸದಾಗಿ ಕ್ರಿಂಪ್ ಮಾಡಿ, ಗಂಟೆ ಬಿಟ್ಟು ಮತ್ತೆ ನೋಡಿ.

ಸಿಡಿಲಿಗೆ ಸ್ವಿಚ್ಚೇ ಸುಟ್ಟರೆ ಅದರೊಳಗಿನ ಸೇವ್ ಉಪಯೋಗಕ್ಕೆ ಬಾರದು. 'ಟರ್ಮಿನಲ್ ಲೆಂಗ್ತ್ 0' ಕೊಟ್ಟು 'ಶೋ ರನ್ನಿಂಗ್-ಕಾನ್ಫಿಗ್'ನ ಪೂರ್ತಿ ಪಠ್ಯವನ್ನು ಲ್ಯಾಪ್‌ಟಾಪಿನಲ್ಲಿಡಿ. ಅದನ್ನು ಹೊಸ ಸ್ವಿಚ್ಚಿಗೆ ಪೇಸ್ಟ್ ಮಾಡಿದ ಮೇಲೂ ಕನಿಷ್ಠ ಎರಡು ಕೆಲಸ ಕೈಯಾರೆ ಮಾಡಬೇಕು. ವಿಲ್ಯಾನ್ 1ರ ಇಂಟರ್‌ಫೇಸಿಗೆ 'ನೋ ಶಟ್‌ಡೌನ್' ಕೊಡಬೇಕು, ಆ ಸಾಲು ಪಠ್ಯದಲ್ಲಿ ಬರುವುದಿಲ್ಲ. ಎಸ್‌ಎಸ್‌ಎಚ್ ಕೀಯೂ ಬರುವುದಿಲ್ಲ, 'ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ' ಎಂದು ಹೊಸದಾಗಿ ಮಾಡಬೇಕು.