ಎರಚಲು

ಮಳೆಹನಿಗೆ ಕನ್ನಡದಲ್ಲಿ ಹೆಸರು ಬೇಕಾದಷ್ಟಿವೆ. ತುಂತುರು, ಸೋನೆ, ಜಡಿ. ಹಳಗನ್ನಡ ಓದಿದವರಿಗೆ ಸೀರ್ಪನಿಯೂ ಗೊತ್ತಿರುತ್ತದೆ. ಇವೆಲ್ಲಕ್ಕಿಂತ ನನಗೆ ಹತ್ತಿರದ ಮಾತು ಎರಚಲು. ತುಂತುರು ಬೀಳುತ್ತದೆ, ಎರಚಲು ಹೊಡೆಯುತ್ತದೆ. ಗಾಳಿಯ ಜೊತೆ ಅಡ್ಡಡ್ಡ ಬಂದು ಸೂರಿನ ಕೆಳಗೂ ನುಗ್ಗುವ ಹನಿ ಅದು.

ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೆ ಮಳೆಮಾಪಕದ ಬಾಯಿ ಇರುವುದು ಮೇಲಕ್ಕೆ. ಗಾಳಿ ಜೋರಾದರೆ ಎಷ್ಟೋ ಹನಿ ಅದನ್ನು ತಪ್ಪಿಸಿ ಹಾರಿಹೋಗುತ್ತವೆ. ಅವುಗಳ ಲೆಕ್ಕ ಗೊತ್ತಿರುವುದು ಮನೆಯ ಪಡುವಣ ಗೋಡೆಗೆ ಮಾತ್ರ.

ಮುಂಗಾರಿನ ಗಾಳಿ ಬೀಸುವುದು ಆ ಕಡೆಯಿಂದಲೇ ಅಲ್ವಾ? ಅದಕ್ಕೇ ಮೇ ಮುಗಿಯುವ ಮೊದಲೇ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಣ್ಣಿನ ಗೋಡೆಗೆ ಸುರಿವ ಮಳೆಗಿಂತ ಎರಚಲಿನದೇ ಭಯ. ಮೇಲಿಂದ ಬಂದದ್ದು ಹಂಚಿನ ಮೇಲೆ ಜಾರಿ ಅಂಗಳ ಸೇರುತ್ತದೆ. ಎರಚಲು ಗೋಡೆಯನ್ನು ಬುಡದಿಂದ ನೆನೆಸುತ್ತದೆ. ಜಗಲಿಯಲ್ಲಿ ಒಟ್ಟಿದ ಸೌದೆಯನ್ನೂ ಬಿಡುವುದಿಲ್ಲ. ಬಸ್ಸಿನಲ್ಲೂ ಅಷ್ಟೇ. 'ಎರಚಲು ಹೊಡೀತಿದೆ, ಟಾರ್ಪಾಲು ಇಳಿಸಿ' ಎಂದು ಹಿಂದಿನ ಸೀಟಿನಿಂದ ಕೂಗು ಬರುತ್ತಿತ್ತು.

ಎರಚು ಅನ್ನುವುದರಲ್ಲೇ ಕೈಬೀಸು ಇದೆ. ಅಂಗಳಕ್ಕೆ ನೀರೆರಚುತ್ತೇವೆ, ಕೋಳಿಗೆ ಕಾಳೆರಚುತ್ತೇವೆ. ಆದರೆ ಭಟ್ಟರು ತೀರ್ಥ ಎರಚಿದರು ಅಂತ ಯಾರೂ ಹೇಳಲ್ಲ, ಚಿಮುಕಿಸಿದರು ಅನ್ನುತ್ತಾರೆ. ಎರಚುವುದು ಸ್ವಲ್ಪ ಒರಟು ಕೆಲಸ. ಮೋಸ ಮಾಡಿದವ ಕಣ್ಣಿಗೆ ಮಣ್ಣೆರಚುತ್ತಾನೆ. ಆಸೆ ಮುರಿದವ ತಣ್ಣೀರೆರಚುತ್ತಾನೆ. ಚುನಾವಣೆ ಬಂತೆಂದರೆ ಪತ್ರಿಕೆಗಳ ತುಂಬಾ ಕೆಸರೆರಚಾಟ. ನಮ್ಮ ಕಡೆಯ ಆಷಾಢದ ಗಾಳಿ ನೋಡಿದವರಿಗೆ, ಇದೇ ಮಾತು ಮಳೆಗೂ ಯಾಕೆ ಬಂತು ಅಂತ ವಿವರಿಸಬೇಕಾಗಿಲ್ಲ.

ನನಗೆ ಬೇಸರ ಆಗುವುದು ಹೊಸ ಮನೆಗಳನ್ನು ನೋಡಿದಾಗ. ಬಯಲುಸೀಮೆಯ ಪೇಟೆಗೆ ಹೊಂದುವ ನಕ್ಷೆಯನ್ನು ತಂದು ಇಲ್ಲಿ ಕಟ್ಟುತ್ತಾರೆ. ಚಪ್ಪಟೆ ತಾರಸಿ, ಗೇಣಗಲದ ಸಜ್ಜಾ, ಪಡುವಣಕ್ಕೇ ದೊಡ್ಡ ಗಾಜಿನ ಕಿಟಕಿ. ಆರಿದ್ರಾ ಮಳೆ ಹಿಡಿಯಿತೋ, ಕಿಟಕಿಯ ಸಂದಿಯಲ್ಲಿ ನೀರು. ಪುನರ್ವಸು ಹೊತ್ತಿಗೆ ಗೋಡೆ ತುಂಬಾ ಪಾಚಿ. ಹಳೇ ಮನೆಯ ಸೂರು ತಲೆ ಬಗ್ಗಿಸಿ ಹೋಗುವಷ್ಟು ಕೆಳಗೆ ಇಳಿದಿರುತ್ತಿತ್ತು. ಒಳಗೆ ಕತ್ತಲೆ ಜಾಸ್ತಿ, ನಿಜ. ಆದರೆ ಕಟ್ಟಿದವರಿಗೆ ಗಾಳಿಯ ದಿಕ್ಕು ಗೊತ್ತಿತ್ತು. ಈಗಲೂ ಪಾಯ ತೆಗೆಯುವ ಮೊದಲು ಎಂಜಿನಿಯರಿಗೆ ಒಂದು ಮಾತು ಕೇಳಿ: ಎರಚಲಿಗೆ ಏನು ಮಾಡಿದ್ದೀರಿ?

ನಮ್ಮ ಸಂಬಂಧಿಕರೊಬ್ಬರು ಕಟ್ಟಿದ ಮೇಲೆ ಕೇಳಿದರು. ಈ ಸಲ ಅವರ ತಾರಸಿ ಮನೆಯ ಮುಂದೆ ಸೋಗೆ ತಟ್ಟಿ ನಿಂತಿದೆ.