ದೇವರಾಯನದುರ್ಗದಲ್ಲಿ ಹಾವು ನೋಡಬೇಕಾ? ಬಿಸಿಲೇರಿದ ಮೇಲೆ ಹೋಗಿ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಹೋಗುತ್ತೆ ಅಂತಾರಲ್ವಾ, ನಮ್ಮ ತುಮಕೂರು ಕಡೆ ಹಾವು ನೋಡಲು ಒಳ್ಳೆಯ ಕಾಲ ಅದೇ. ಹಿಮ ಬೀಳುವ ದೇಶದ ಹಾವುಗಳ ಹಾಗೆ ನಮ್ಮವು ತಿಂಗಳುಗಟ್ಟಲೆ ನಿದ್ದೆ ಮಾಡುವುದಿಲ್ಲ. ಚಳಿಯಲ್ಲಿ ಬಂಡೆ ಸಂದಿ, ಹುತ್ತ, ಇಲಿ ಬಿಲಗಳಲ್ಲಿ ಜಾಸ್ತಿ ಹೊತ್ತು ಮಲಗಿದ್ದು, ಒಳ್ಳೆ ಬಿಸಿಲು ಬಿದ್ದಾಗ ಮೈ ಕಾಯಿಸಲು ಹೊರಗೆ ಬರುತ್ತವೆ.

ಮೊದಲ ದಿನ ನಾನೂ ಅಕ್ಕನ ಮಗನೂ ಬೆಳಗ್ಗೆ ಆರಕ್ಕೇ ಹೋಗಿ ಸುಮ್ನೆ ನಡುಗಿದೆವು. ಹಕ್ಕಿ ನೋಡುವವರ ಹೊತ್ತು ಹಾವಿಗೆ ಆಗಿಬರುವುದಿಲ್ಲ. ಒಂಬತ್ತೂವರೆಗೆ, ನಾಮದ ಚಿಲುಮೆ ರಸ್ತೆ ಬದಿ, ಪೂರ್ವದ ಬಿಸಿಲು ಬೀಳುವ ಬಂಡೆಯ ಸಂದಿಯಲ್ಲಿ ಕೇರೆ ಹಾವಿನ ತಲೆ ಕಂಡಿತು. ಬರೀ ತಲೆ. ಕಾಲು ಗಂಟೆ ನಾಲಿಗೆ ಆಡಿಸುತ್ತಾ ಹಾಗೇ ಇತ್ತು. ಆಮೇಲೆ ಒಂದು ಗೇಣು ಹೊರಗೆ, ಇನ್ನೊಂದು ಗೇಣು. ಹತ್ತರ ಹೊತ್ತಿಗೆ ಒಂದು ಮಾರು ಉದ್ದ ಬಂಡೆ ಮೇಲೆ ಚಾಚಿಕೊಂಡಿತ್ತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕಣ್ಣು ಹಾಲು ಬೆರೆಸಿದ ಹಾಗೆ ಮಬ್ಬು. ಪೊರೆ ಬಿಡುವ ಮುಂಚೆ ಹೀಗಾಗುತ್ತದೆ. ಆಗ ಸರಿಯಾಗಿ ಕಾಣದೆ ಬೇಗ ಗಾಬರಿಯಾಗುತ್ತದೆ. ನಾವು ದೂರದಲ್ಲೇ ಕೂತೆವು. ನೆಲದ ಅದುರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ, ಓಡಾಡಿದರೆ ಒಳಗೆ ಸರಿದುಬಿಡುತ್ತದೆ.

ದುರ್ಗ ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಸ್ವಂತ ಗಾಡಿ ಇದ್ದರೆ ಅನುಕೂಲ. ರಸ್ತೆ ಬಿಟ್ಟು ಕಾಡಿನೊಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕರಡಿ ಚಿರತೆ ಇರುವ ಜಾಗ ಅದು. ಕಲ್ಲು ಎತ್ತಿ ನೋಡುವ ಚಪಲ ಯಾರಿಗೂ ಬೇಡ. ಕೊಳಕು ಮಂಡಲ ಒಣ ಎಲೆಯಲ್ಲಿ ಎಲೆಯಾಗಿ ಮಲಗಿರುತ್ತದೆ, ಕುಕ್ಕರ್ ಹಾಗೆ ಬುಸ್ ಅಂದಾಗಲೇ ಗೊತ್ತಾಗುವುದು. ಉದ್ದ ಪ್ಯಾಂಟು, ಪಾದ ಮುಚ್ಚುವ ಬೂಟು ಹಾಕಿ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಅಲೆಯಬೇಡಿ. ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಸಂಜೆ ವಾಪಸ್ ಬರುವಾಗ ಗಾಡಿ ನಿಧಾನ ಇರಲಿ. ಕಾದ ಟಾರಿಗೆ ಹಾವುಗಳು ಬಂದು ಮಲಗುತ್ತವೆ, ಚಕ್ರಕ್ಕೆ ಸಿಕ್ಕ ಒಂದು ಮರಿ ನೋಡಿ ನಮಗೆ ಊಟ ಸೇರಲಿಲ್ಲ.

ಒಂದೇ ಸಲ ಹೋಗಿ ಬಂದರೆ ಸಾಲದು. ಚಿಕ್ಕ ಪುಸ್ತಕದಲ್ಲಿ ತಾರೀಖು, ಹೊತ್ತು, ಬಿಸಿಲು, ಹಾವು ಏನು ಮಾಡುತ್ತಿತ್ತು ಅಂತ ಬರೆದಿಡಿ. ಜಾಗ ಮಾತ್ರ ಯಾರಿಗೂ ಹೇಳಬೇಡಿ, ಹಾವು ಹಿಡಿದು ಮಾರುವವರು ಇದ್ದಾರೆ. ವಾರ ಬಿಟ್ಟು ನಾವು ಅದೇ ಬಂಡೆಗೆ ಹೋದೆವು. ಹಾವು ಇರಲಿಲ್ಲ. ಸಂದಿಯ ಬಾಯಲ್ಲಿ ಪೊರೆ ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು, ಕಣ್ಣಿನ ಮೇಲಿನ ಗಾಜಿನಂಥ ಪುಟ್ಟ ಮುಚ್ಚಳ ಸಮೇತ.